ಹೊಳೆಬಾಗಿಲಿನಲ್ಲಿ ನಿಂತು ಕಂಡ ಕೆಳದಿಯ ನಾಡು

ಸಾಗರದಿಂದ ಸಿಗಂದೂರಿನ ಹಾದಿ ಹಿಡಿದು ಹೊರಟ ಯಾತ್ರಿಕನಿಗೆ ಅಂಬಾರಗೋಡ್ಲಿನ ಬಳಿ ಶರಾವತಿಯ ಹಿನ್ನೀರು ಎದುರಾಗುತ್ತದೆ. ಈ ದಡವೇ ಹೊಳೆಬಾಗಿಲು. ದಶಕಗಳ ಕಾಲ ಜನರು ಇಲ್ಲಿ ಲಾಂಚಿಗಾಗಿ ಕಾದು, ವಾಹನಗಳ ಸಮೇತ ಆಚೆಯ ಕಳಸವಳ್ಳಿಗೆ ದಾಟುತ್ತಿದ್ದರು. 2025ರ ಜುಲೈ ತಿಂಗಳಲ್ಲಿ ಎರಡು ಕಿಲೋಮೀಟರಿಗೂ ಮೀರಿದ ಸೇತುವೆ ಸಂಚಾರಕ್ಕೆ ತೆರೆದ ಮೇಲೆ ಆ ಕಾಯುವಿಕೆ ಮುಗಿಯಿತು. ಆದರೂ ಇಲ್ಲಿ ಒಂದು ಗಳಿಗೆ ನಿಂತು ಸುತ್ತಣ ನಾಡನ್ನು ಕಣ್ತುಂಬ ನೋಡಬೇಕೆಂದು ನಮ್ಮ ಬಿನ್ನಹ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಹೊಸನಗರ, ಸಾಗರಗಳನ್ನು ಹಾದು, ಜೋಗದಲ್ಲಿ 830 ಅಡಿ ಧುಮುಕಿ, ಹೊನ್ನಾವರದಲ್ಲಿ ಕಡಲನ್ನು ಸೇರುತ್ತದೆ. ಈ ಮೂರು ತಾಲ್ಲೂಕುಗಳು ಮಳೆಯ ನಾಡು, ಅಡಕೆ, ಮೆಣಸು, ಭತ್ತಗಳ ನಾಡು. ದೊಡ್ಡ ಬಯಲಿಲ್ಲ, ದೊಡ್ಡ ಪಟ್ಟಣವಿಲ್ಲ. ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಇಂತಹ ಗ್ರಾಮಸೀಮೆಯಲ್ಲಿ ನಮ್ಮ ಕೆಳದಿಯ ನಾಯಕರು ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಆಳಿದರೆಂಬುದು ಸೋಜಿಗವಲ್ಲವೇ?

1500ರ ಆಸುಪಾಸಿನಲ್ಲಿ ಚೌಡಪ್ಪನಾಯಕನಿಂದ ಮೊದಲಾದ ಈ ವೀರಶೈವ ಅರಸುಮನೆತನವು ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ರಾಜಧಾನಿಯನ್ನು ಸಾಗಿಸಿತು. ಬಿದಿರುಮೆಳೆಗಳ ಆ ಬಿದನೂರೇ ಇಂದಿನ ನಗರ. ಸದಾಶಿವನಾಯಕನ ಕೆರೆಯಿಂದ ಸಾಗರಕ್ಕೆ ಹೆಸರು ಬಂದಿತು. ನಾಡು ಕಿರಿದಾದರೂ ಘಟ್ಟದ ದಾರಿಗಳು ಅದರ ಕೈಯಲ್ಲಿದ್ದವು. ಮೆಣಸು, ಅಕ್ಕಿಗಳು ಈ ದಾರಿಗಳಲ್ಲಿ ಇಳಿದು ಕರಾವಳಿಯ ಬಂದರುಗಳನ್ನು ಮುಟ್ಟುತ್ತಿದ್ದವು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ವೆಂಕಟಪ್ಪನಾಯಕನ ಇಕ್ಕೇರಿಗೆ ಬಂದುಹೋದನು. ಮೆಣಸಿನ ವ್ಯಾಪಾರದ ಮಾತುಕತೆಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಆತ ಬಂದದ್ದು.

ಇಕ್ಕೇರಿಯ ಅಘೋರೇಶ್ವರ ದೇವಾಲಯದಲ್ಲಿ ತಪ್ಪದೆ ನೋಡಬೇಕಾದದ್ದೊಂದಿದೆ. ಗರ್ಭಗುಡಿಯ ಮುಂದಿನ ನೆಲಹಾಸಿನಲ್ಲಿ ಮೂವರು ನಾಯಕರು ದೇವರಿಗೆ ನಮಿಸುವ ರೂಪಗಳನ್ನು ಕೆತ್ತಲಾಗಿದೆ. ಸಿಂಹಾಸನವೇರಿದವರು ಭಕ್ತರ ಪಾದಧೂಳಿಯಲ್ಲಿ ಉಳಿಯಲು ಒಪ್ಪಿದ ಆ ವಿನಯವನ್ನು ಮಕ್ಕಳಿಗೆ ತೋರಿಸಿರಿ.

ಈ ವಂಶದ ಕೀರ್ತಿ ಕೋಟೆಗಳಿಗಿಂತ ಶಿಸ್ತಿನಲ್ಲಿದೆ. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನು ಪೋರ್ಚುಗೀಸರಿಂದ ಕರಾವಳಿಯ ಕೋಟೆಗಳನ್ನು ಕಸಿದುಕೊಂಡ ಶೂರ. ಆದರೆ ರೈತರ ನಾಲಗೆಯ ಮೇಲೆ ಉಳಿದದ್ದು ಅವನ ಭೂಕಂದಾಯದ ಕ್ರಮವಾದ 'ಶಿಸ್ತು'. ಭೂಮಿಯನ್ನು ಫಲವತ್ತತೆಗೆ ತಕ್ಕಂತೆ ಐದು ತರಗತಿಗಳಾಗಿ ವಿಂಗಡಿಸಿ, ಮಾದರಿ ಹೊಲಗಳಲ್ಲಿ ಹನ್ನೆರಡು ವರ್ಷ ಸರ್ಕಾರವೇ ಬೆಳೆ ತೆಗೆದು, ಬೀಜ, ಖರ್ಚು, ಹುಟ್ಟುವಳಿಗಳ ಸರಾಸರಿ ಹಿಡಿದು, ಉತ್ಪನ್ನದ ಮೂರನೆಯ ಒಂದು ಪಾಲನ್ನು ಅರಮನೆಗೆ ಗೊತ್ತುಮಾಡಿದನೆಂದು ಹೇಳುತ್ತಾರೆ. ಕೊಡುವವನ ಶಕ್ತಿಯನ್ನು ಅಳೆಯದೆ ಕೈಚಾಚಬಾರದೆಂಬುದೇ ಇದರ ತಿರುಳು.

ರಾಣಿ ಚೆನ್ನಮ್ಮಾಜಿಯ ಕಥೆ ಮನೆಮನೆಗೂ ಗೊತ್ತು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು, ಔರಂಗಜೇಬನ ಸೈನ್ಯವನ್ನು ಎದುರಿಸಿದ ಧೀರೆ ಆಕೆ. ಆಕೆಯ ದತ್ತುಪುತ್ರ ಬಸವಪ್ಪನಾಯಕನು ಸಂಸ್ಕೃತದಲ್ಲಿ 'ಶಿವತತ್ತ್ವ ರತ್ನಾಕರ'ವೆಂಬ ವಿಶ್ವಕೋಶವನ್ನೇ ರಚಿಸಿದನು. 1763ರಲ್ಲಿ ರಾಣಿ ವೀರಮ್ಮಾಜಿಯ ಕಾಲಕ್ಕೆ ಬಿದನೂರು ಹೈದರಾಲಿಯ ವಶವಾಯಿತು, ರಾಜ್ಯ ಅಳಿಯಿತು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದ ಪಾಳುಗೋಡೆಗಳ ನಡುವೆ ಏರುವಾಗ ಈ ಏಳುಬೀಳುಗಳೆಲ್ಲ ನೆನಪಾಗುತ್ತವೆ.

ಅಳಿದ ರಾಜ್ಯದ ನೆಲಕ್ಕೆ ಇನ್ನೊಂದು ಪರೀಕ್ಷೆ ಕಾದಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, ಶಿಸ್ತಿನ ಲೆಕ್ಕದಲ್ಲಿದ್ದ ಗದ್ದೆ ತೋಟಗಳೆಷ್ಟೋ ನೀರಿನ ಪಾಲಾದವು. ಮನೆಯ ತೊಲೆ, ಬಾಗಿಲುಗಳನ್ನು ಕಳಚಿ ಹೊತ್ತು ಕುಟುಂಬಗಳು ಚದುರಿದವು. ಇಲ್ಲಿನ ವಿದ್ಯುತ್ತು ನಾಡನ್ನೆಲ್ಲ ಬೆಳಗಿತು. ಆದರೆ ತುಮರಿ ಸೀಮೆಯ ಬಾಣಂತಿಯರು, ರೋಗಿಗಳು ಲಾಂಚು ಇಲ್ಲದ ರಾತ್ರಿಗಳಲ್ಲಿ ಈ ನೀರಿನಾಚೆಯೇ ಉಳಿದರು. ಹೊಳೆಯ ಬಾಗಿಲು ಅವರ ಪಾಲಿಗೆ ಗೋಡೆಯಾಯಿತು. ಬಾಗಿಲು ಮತ್ತೆ ತೆರೆಯಲು ಅರವತ್ತು ವರ್ಷಗಳು ಬೇಕಾದವು. ಅನೇಕ ಸಂತ್ರಸ್ತರ ಭೂಮಿಯ ಹಕ್ಕಿನ ಪ್ರಶ್ನೆಯಾದರೋ ಇನ್ನೂ ಪೂರ್ಣವಾಗಿ ಬಗೆಹರಿದಿಲ್ಲ.

ಕೆಳದಿಯರಸರು ನಮ್ಮವರೆಂದು ಹೆಮ್ಮೆಪಡುವುದು ಸುಲಭ. ಅವರ ಶಿಸ್ತು ನಮ್ಮದಾಗುವುದು ಕಷ್ಟ. ಮನೆಯಿರಲಿ, ಮಠವಿರಲಿ, ಸರ್ಕಾರವಿರಲಿ, ಒಬ್ಬರಿಂದ ಪಡೆಯುವ ಮೊದಲು ಅವರ ಬಳಿ ಏನು ಉಳಿಯುವುದೆಂದು ಎಣಿಸಬೇಕು. ಮುಂದಿನ ಸಲ ಸೇತುವೆ ದಾಟುವ ಬಂಧುಗಳು ಕೆಳಗಿನ ನೀರನ್ನೊಮ್ಮೆ ನೋಡಲಿ. ಅದರಡಿಯಲ್ಲಿ ಯಾರದೋ ಮನೆಯಂಗಳವಿದೆ.