ಜತ್ತದ ದ್ರಾಕ್ಷಿಯೂ ಒಡೆಯುವ ಬುದ್ದಲಿಯೂ

ವಿಜಯಪುರದಿಂದ ತಿಕೋಟಾ ಹಾದು ಪಶ್ಚಿಮಕ್ಕೆ ಹೋದರೆ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕು ಸಿಗುತ್ತದೆ. ಊರಿನ ಫಲಕಗಳು ಮರಾಠಿಯಲ್ಲಿದ್ದರೂ ಉಮದಿ, ಸಂಖದ ಕಡೆ ನಮ್ಮನ್ನು ಮಾತಾಡಿಸಿದವರೆಲ್ಲ ಕನ್ನಡದವರೇ. ಮಳೆ ಕಡಿಮೆಯ ಸೀಮೆ. ಆದರೂ ದ್ರಾಕ್ಷಿ ತೋಟಗಳಿವೆ, ಪಕ್ಕದಲ್ಲೇ ಹಸಿರು ಬಲೆ ಕಟ್ಟಿದ ಶೆಡ್ಡುಗಳು. ಒಳಗೆ ಅಂತಸ್ತು ಅಂತಸ್ತಾಗಿ ಹರಡಿದ ಹಣ್ಣು ನೆರಳಲ್ಲಿ ಎರಡು ವಾರ ಒಣಗಿ ಮಣೂಕವಾಗುತ್ತದೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ. (ಇಂಥ ಒಣಹಣ್ಣಿನ ದ್ರಾಕ್ಷಾರಸವೂ ಬಲಿಪೂಜೆಗೆ ಸಲ್ಲುತ್ತದೆ, ಬಣ್ಣ ರುಚಿಗಳಲ್ಲಿ ನಿಜವಾದ ದ್ರಾಕ್ಷಾರಸವೇ ಆಗಿದ್ದರೆ ಸಾಕು ಎಂದು ರೋಮ್ 1706ರಲ್ಲೇ ತೀರ್ಪು ಕೊಟ್ಟಿದೆ.)

“ಹಸಿ ರಸ ಬಾಟ್ಲ್ಯಾಗ ಹಾಕಿ ಬಿಗಿ ಮುಚ್ಚಿಟ್ರ ನಾಕ ದಿನಕ್ಕ ಬೂಚ್ ಹಾರತೈತ್ರಿ ಫಾದರ್,” ಎಂದರು ತೋಟದ ಹಿರಿಯರೊಬ್ಬರು. ಕಾರಣ ಸರಳ. ಹಣ್ಣಿನ ಮೇಲೂ ಗಾಳಿಯಲ್ಲೂ ಇರುವ ಈಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ಅನಿಲಕ್ಕೆ ದಾರಿ ಇಲ್ಲದಿದ್ದರೆ ಒತ್ತಡ ಏರುತ್ತದೆ. ಹೊಸ ದ್ರಾಕ್ಷಾರಸ ಹಳೆಯ ಬುದ್ದಲಿಯನ್ನು ಒಡೆಯುತ್ತದೆಂದು ಯೇಸುಸ್ವಾಮಿ ಹೇಳಿದ್ದು ಇದನ್ನೇ. ಕೇಳಿದ ಗಲಿಲಾಯದ ರೈತರಿಗೆ ವಿವರಣೆ ಬೇಕಿರಲಿಲ್ಲ. ಬುದ್ದಲಿ ನೋಡದ ನಮ್ಮ ಮಕ್ಕಳಿಗೆ ಬೇಕು.

ಇದೇ ಅನಿಲವನ್ನು ಬೇಕೆಂದೇ ಬಾಟಲಿಯಲ್ಲಿ ಹಿಡಿದಿಡುವವರೂ ಇದ್ದಾರೆ. ಬೆಲ್ಜಿಯಮಿನ ವೆಸ್ಟ್‌ಮಾಲ್, ಓರ್ವಾಲ್ ಟ್ರ್ಯಾಪಿಸ್ಟ್ ಮಠಗಳ ಬಿಯರ್ ಬಾಟಲಿಯಲ್ಲೇ ಎರಡನೆಯ ಸಲ ಹುದುಗುತ್ತದೆ. ಮನೆಯಲ್ಲಿ ಬಿಯರ್ ಮಾಡಲು ಕಾನೂನಿನ ಅಡ್ಡಿಯಿಲ್ಲದ ದೇಶಗಳಲ್ಲಿ ಹೊಸಬರು ಕಲಿಯುವುದೂ ಈ ವಿಧಾನವನ್ನೇ: ಮೊದಲ ಹುದುಗುವಿಕೆ ಪೂರ್ತಿ ನಿಲ್ಲುವವರೆಗೆ ಕಾಯುವುದು, ಲೀಟರಿಗೆ ಆರೇಳು ಗ್ರಾಂ ಸಕ್ಕರೆಯನ್ನು ತೂಗಿಯೇ ಹಾಕುವುದು, ಮುಚ್ಚಿ ಎರಡು ವಾರ ಇಡುವುದು. ಅವಸರಪಟ್ಟು ಮುಂಚೆಯೇ ಮುಚ್ಚಿದರೆ ಉಳಿದ ಸಕ್ಕರೆಯೂ ಸೇರಿ ಗಾಜು ಸಿಡಿಯುತ್ತದೆ. ಷಾಂಪೇನಿಗೆ ಲೀಟರಿಗೆ 24 ಗ್ರಾಂ. ಒಳಗಿನ ಒತ್ತಡ ಕಾರಿನ ಟೈರಿನ ಸುಮಾರು ಮೂರರಷ್ಟು. ಅದಕ್ಕೇ ಆ ಬಾಟಲಿ ಅಷ್ಟು ದಪ್ಪ. ಅದನ್ನು ಕಂಡುಹಿಡಿದವರೆಂದು ಜನ ಹೊಗಳುವ ಬೆನೆಡಿಕ್ಟೈನ್ ಸನ್ಯಾಸಿ ಡೋಂ ಪೆರಿನ್ಯೋನ್, 1668ರಿಂದ 1715ರವರೆಗೆ ಓವಿಲೇ ಮಠದ ಉಗ್ರಾಣ ನೋಡಿಕೊಂಡವರು, ನಿಜದಲ್ಲಿ ಆ ಗುಳ್ಳೆಗಳನ್ನು ತಡೆಯಲೆಂದೇ ಪರದಾಡಿದವರು!

ಕ್ರಿಸ್ಮಸ್ ಹತ್ತಿರವಾದಾಗ ನಮ್ಮ ಮನೆಗಳಲ್ಲೂ ದ್ರಾಕ್ಷಾರಸದ ಮಾತು ಬರುತ್ತದೆ. ಮಹಾರಾಷ್ಟ್ರದಲ್ಲಿ 1949ರ ಮದ್ಯನಿಷೇಧ ಕಾಯ್ದೆ, ನಮ್ಮಲ್ಲಿ 1965ರ ಅಬಕಾರಿ ಕಾಯ್ದೆ ಇವೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಕುಡಿತದಿಂದ ಕಣ್ಣೀರಿಟ್ಟ ತಾಯಂದಿರನ್ನು ಕಂಡ ನಮಗೆ ಕಾಯ್ದೆಯ ಬಗ್ಗೆ ದೂರೇನೂ ಇಲ್ಲ. ಹಸಿ ರಸವನ್ನಾದರೂ ಮುಚ್ಚಿದ ಗಾಜಿನಲ್ಲಿ ಹೊರಗಿಡಬೇಡಿ. ಅಂದಿನದನ್ನು ಅಂದೇ ಕುಡಿದು ಮುಗಿಸಿ.

ಉಮದಿಯಿಂದ ನಾವು ತಂದದ್ದು ಒಂದು ಕಿಲೋ ಮಣೂಕ. ಡಿಸೆಂಬರಿನ ಕೇಕಿಗೆಂದು ಡಬ್ಬಿಯಲ್ಲಿದೆ.