ಹೆಸರು ಬಿತ್ತಿದವಳ ಹೆಸರು

ನಮ್ಮ ನರಗುಂದ ತಾಲೂಕಿನ ಎರಿ ಹೊಲಗಳಲ್ಲಿ ಮುಂಗಾರಿಗೆ ಹೆಸರು ಬಿತ್ತುವ ರೂಢಿ. ಎರಡು, ಎರಡೂವರೆ ತಿಂಗಳ ಬೆಳೆ. ಶ್ರಾವಣದಲ್ಲಿ ಅದು ಕೈಗೆ ಬಂದರೆ ಹಬ್ಬದ ಖರ್ಚು ನೀಗುತ್ತದೆ, ಹಿಂಗಾರಿಯ ಜೋಳ, ಕಡಲೆ ಬೀಜಕ್ಕೂ ದಾರಿಯಾಗುತ್ತದೆ. ಕಸ ತೆಗೆಯುವುದು, ಕಾಯಿ ಬಿಡಿಸುವುದು ಎಲ್ಲಾ ಹೆಂಗಸರ ಪಾಲಿಗೆ.

2023ರ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಶಿರೋಳದ ನನ್ನ ಚಿಗವ್ವನ ಹೊಲ ನಾಲ್ಕೆಕರೆ, ಕಾಲುವೆಯ ನೀರು ಮುಟ್ಟದ್ದು. ಅಲ್ಲಿಯ ಹೆಸರು ಹೂವಿನಲ್ಲೇ ಬಾಡಿತು. ಆ ವರ್ಷ ಸರಕಾರ ರಾಜ್ಯದ 223 ತಾಲೂಕುಗಳನ್ನು ಬರಪೀಡಿತವೆಂದು ಸಾರಿತು. 2024ರಲ್ಲಿ ಪರಿಹಾರ ಬಂತು. ಮಳೆಯನ್ನೇ ನಂಬಿದ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಮಾತ್ರ; ಬೆಳೆ ನೂರಕ್ಕೆ 33ರಷ್ಟಾದರೂ ಹಾಳಾಗಿರಬೇಕು. ಚಿಗವ್ವನ ಹೊಲಕ್ಕೆ ಲೆಕ್ಕ ಹಾಕಿದರೆ ಹದಿಮೂರು ಸಾವಿರಕ್ಕೂ ಮೇಲೆ. ಹೋದ ಬೆಳೆಯನ್ನು ಅದು ತುಂಬಿಕೊಡುವುದಿಲ್ಲ, ಆದರೆ ಮುಂದಿನ ಬಿತ್ತಿಗೆಗೆ ಕೈಹಿಡಿಯುತ್ತದೆ.

ಅಕ್ಕಪಕ್ಕದ ಹೊಲದವರಿಗೆ ಬಂತು. ಚಿಗವ್ವನಿಗೆ ಬರಲಿಲ್ಲ.

ಈಗ ಪರಿಹಾರ ಉತಾರದಲ್ಲಿ ಹೆಸರಿದ್ದವರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ನಡುವೆ ಕೈಚಾಚುವವರಿಲ್ಲ; ಒಳ್ಳೆಯದೇ. ಆದರೆ ಚಿಗವ್ವನ ಹೊಲದ ಉತಾರದಲ್ಲಿರುವುದು ಅವಳ ಮಾವನ ಹೆಸರು. ಮಾವ ತೀರಿ ಹನ್ನೆರಡು ವರ್ಷ, ಗಂಡ ತೀರಿ ನಾಲ್ಕು ವರ್ಷ. ಬಿತ್ತಿದವಳು ಜೀವಂತ ಇದ್ದಾಳೆ, ಕಾಗದದಲ್ಲಿಲ್ಲ. ಕಾಗದದಲ್ಲಿದ್ದವರು ಶಿವನ ಪಾದ ಸೇರಿದ್ದಾರೆ.

"ವಾರಸಾ ಯಾಕ ಮಾಡಸಲಿಲ್ಲ ಚಿಗವ್ವಾ?" ಎಂದು ಕೇಳಿದೆ.

"ನನ್ನ ಹೆಸರು ಹಚ್ಚ್ರಿ ಅಂದ್ರ ಪಾಲು ಕೇಳಿದಂಗ ಆಕ್ಕೈತೆವ್ವಾ. ಮೈದುನ ಏನ ತಿಳಕೊಂತಾನೋ ಏನೋ!"

1980ರ ಜುಲೈ 21ರಂದು ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಎದ್ದು ನಿಂತು ಗೋಲಿಬಾರು ಕಂಡ ತಾಲೂಕು ನಮ್ಮದು. ಸರಕಾರವನ್ನು ಕೇಳುವುದು ಇಲ್ಲಿಯವರಿಗೆ ಹೊಸದಲ್ಲ. ಹೆಣ್ಣುಮಗಳಿಗೆ ಕಠಿಣವಾದದ್ದು ಮನೆಯೊಳಗೆ ಕೇಳುವುದು. ಸತ್ತ ಗಂಡನ ಪಾಲಿನಲ್ಲಿ ಹೆಂಡತಿಗೂ ಹಕ್ಕಿದೆ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಕಾನೂನು ಬಂದರೂ ಸಂಕೋಚ ಹೋಗಲಿಲ್ಲ.

ನಾವೇ ಮೈದುನನಿಗೆ ವಿಷಯ ತಿಳಿಸಿದೆವು. ಆತ ಕೆಟ್ಟವನಲ್ಲ. "ಅದಕ್ಕೇನು ವೈನಿ, ನೀವು ಮೊದಲ ಹೇಳಬೇಕಿತ್ತು" ಎಂದ. ಮರಣ ಪ್ರಮಾಣಪತ್ರ, ವಂಶಾವಳಿ ಕೂಡಿಸಿ ಅರ್ಜಿ ಕೊಟ್ಟದ್ದಾಯಿತು. ಹೋದ ವರ್ಷದ ರೊಕ್ಕ ಹೋಯಿತು. ಉತಾರದಲ್ಲಿ ಚಿಗವ್ವನ ಹೆಸರು ಬಂದ ದಿನ ಆಕೆ ಓದಲು ಬಾರದಿದ್ದರೂ ಕಾಗದವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದಳು. "ಇದರಾಗ ನಾ ಎಲ್ಲದೀನಿ, ತೋರಸ" ಎಂದಳು.

ಪಟ್ಟಣ ಸೇರಿದ ನಮ್ಮಲ್ಲಿ ಅನೇಕರಿಗೆ ಹಳ್ಳಿಯಲ್ಲಿ ಹೀಗೆ ದುಡಿಯುವ ಅವ್ವನೋ, ವೈನಿಯೋ, ಅತ್ತೆಯೋ ಇದ್ದೇ ಇರುತ್ತಾರೆ. ಬರ ಬಂದಾಗ ಎಚ್ಚರಾದರೆ ತಡವಾಗುತ್ತದೆ. ನಾಗರ ಪಂಚಮಿಗೆ ತವರಿಗೆ ಹೋದಾಗ ಉಂಡಿ ತಿನ್ನಿರಿ, ಜೋಕಾಲಿ ಆಡಿರಿ. ತಿರುಗಿ ಬಸ್ಸು ಹತ್ತುವ ಮುಂಚೆ ಹೊಲದ ಉತಾರವನ್ನೊಮ್ಮೆ ತರಿಸಿ ಓದಿರಿ.