ಮುದ್ರಕರ ಹೆಸರು

ಆಗಸ್ಟ್ 23, 2021, ಸೋಮವಾರ

ಇವತ್ತು ಕಲಬುರಗಿ ಮಹಾನಗರ ಪಾಲಿಕೆ ಚುನಾವಣೆಯ ನಾಮಪತ್ರಕ್ಕೆ ಕಡೆಯ ದಿನ. ಹಿಂದಿನ ಓಣಿಯ ಟೇಲರ್ ಹುಡುಗಿ ಮಧ್ಯಾಹ್ನ ಅಂಗಡಿಗೆ ಬಂದು, "ಕಾಕಾ, ಅರ್ಜಿ ಹಾಕಿ ಬಂದೆ, ಪಕ್ಷೇತರ" ಎಂದಳು. ಬುರ್ಖಾದ ತೋಳಿಗೆ ಇನ್ನೂ ದಾರದ ಎಳೆ ಅಂಟಿಕೊಂಡಿತ್ತು. ನಗಬೇಕೋ ಬೈಯಬೇಕೋ ತಿಳಿಯದೆ ಚಹಾ ತರಿಸಿದೆ.

ಆಕೆಯ ಬಂಡವಾಳ ಒಂದು ನೋಟ್‌ಬುಕ್. ಹೋದ ವರ್ಷದ ಲಾಕ್‌ಡೌನ್‌ನಿಂದ ಈಚೆಗೆ ನಳದ ನೀರು ಯಾವತ್ತು ಬಂತು, ಎಷ್ಟು ಹೊತ್ತಿಗೆ ಬಂತು, ಎಷ್ಟು ಕೊಡ ತುಂಬಿದವು, ಎಲ್ಲಾ ಅದರಲ್ಲಿದೆ. ಭೀಮಾ, ಬೆಣ್ಣೆತೊರಾ ಎರಡರ ನೀರೂ ಈ ಊರಿಗೆ ಬರುತ್ತದೆ. ಕೆಲವು ಬಡಾವಣೆಗಳಲ್ಲಿ 2008ರಿಂದಲೇ ದಿನದ 24 ಗಂಟೆ ನಳದ ಯೋಜನೆ ಇದೆ. ನಮ್ಮ ಓಣಿಯವರು ಮಾತ್ರ ವಾಲ್ ತಿರುವುವವನ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟು ಮಲಗುತ್ತೇವೆ.

"ಮೆಂಬರ್ ಸಾಬರು ಫೋನ್ ಮಾಡಿದ್ರ ನೀರು ಬರ್ತದ, ಖರೆ. ಫೋನ್ ಮಾಡಲಾರ್ದಕ್ಕೂ ಬರಬೇಕಲ್ಲ, ಕಾಕಾ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕರಪತ್ರ ಮಾಡಿಕೊಡಿ, ದುಡ್ಡು ಆಮೇಲೆ ಎಂದಳು. ನೋಡೋಣ ಎಂದೆ.

ರಾತ್ರಿ ನಿದ್ದೆ ಬರಲಿಲ್ಲ. ಮೇ ತಿಂಗಳಲ್ಲಿ ನಮ್ಮಾಕೆ ಉಸಿರಿಗೆ ಒದ್ದಾಡುತ್ತಿದ್ದಾಗ ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗಿದ್ದೆ. ಕೊನೆಗೆ ಹಾಸಿಗೆ ಸಿಕ್ಕಿದ್ದು ಹುಡುಗಿಯ ಎದುರು ನಿಂತಿರುವ, ನಮ್ಮ ವಾರ್ಡಿನ ಇದೇ ಮೆಂಬರ್ ಸಾಬರ ಒಂದು ಫೋನಿನಿಂದ.

ಆಗಸ್ಟ್ 26, ಗುರುವಾರ

ನಾಮಪತ್ರ ವಾಪಸ್ ಪಡೆಯುವ ಅವಧಿ ಮುಗಿಯಿತು. ಈಕೆ ವಾಪಸ್ ಪಡೆಯಲಿಲ್ಲ. ಗುರುತಾಗಿ ಹೊಲಿಗೆ ಯಂತ್ರ ಕೇಳಿದ್ದಳು, ಗ್ಯಾಸ್ ಸಿಲಿಂಡರ್ ಸಿಕ್ಕಿತು. "ಇದರ ರೇಟ್ ನೋಡಿ ಯಾರು ಓಟು ಹಾಕ್ತಾರ?" ಎಂದು ಓಣಿಯ ಹುಡುಗರು ಆಗಲೇ ನಗುತ್ತಿದ್ದಾರೆ.

ಮುದ್ರಕನಿಗೆ ತಿಳಿಯುವ ಒಂದು ಲೆಕ್ಕವಿದೆ. ಬಿ ಫಾರಂ ಇದ್ದವರ ಗುರುತು ಮಕ್ಕಳಿಗೂ ಬಾಯಿಪಾಠ. ಪಕ್ಷೇತರರಿಗೆ ಗುರುತು ಸಿಗುವುದು ಇವತ್ತು. ಮತದಾನ ಸೆಪ್ಟೆಂಬರ್ 3ಕ್ಕೆ. ಒಂದು ವಾರದೊಳಗೆ ಅಚ್ಚು ಹಾಕಿ, ಹಂಚಿ, ಜನರ ನೆನಪಿನಲ್ಲಿ ಅದನ್ನು ಕೂರಿಸಬೇಕು.

ಒಂದು ಬದಿ ಕನ್ನಡ, ಇನ್ನೊಂದು ಬದಿ ಉರ್ದು. ಕನ್ನಡವನ್ನು ನಾನು ನುಡಿಯಲ್ಲಿ ಮಾಡಿದೆ, ಉರ್ದುವನ್ನು ಅಂಗಡಿಯ ಹುಡುಗ ಇನ್‌ಪೇಜ್‌ನಲ್ಲಿ. ಚುನಾವಣೆಯ ಕರಪತ್ರದಲ್ಲಿ ಮುದ್ರಕರ ಹೆಸರು ಇರಲೇಬೇಕು, ಕಾನೂನು. ಕೆಳಗಿನ ಅಂಚಿಗೆ ಇರುವೆಯಷ್ಟು ಸಣ್ಣದಾಗಿ ಹಾಕಿದೆ. ಆಕೆ ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಕಾಕಾ, ನಿಮ್ಮ ಹೆಸರು ಕಾಣವಲ್ದು."

ಕಾಣಬಾರದೆಂದೇ ಹಾಗೆ ಹಾಕಿದ್ದು ಎನ್ನಲು ಬಾಯಿ ಬರಲಿಲ್ಲ. ಅಕ್ಷರ ದೊಡ್ಡದು ಮಾಡಿದೆ.

ಆಗಸ್ಟ್ 27, ಶುಕ್ರವಾರ

ಅಂಗಡಿಯ ಕಟ್ಟೆಯ ಮೇಲೆ ಹಿರಿಯರ ಪಂಚಾಯ್ತಿ. "ಖಮರುಲ್ ಇಸ್ಲಾಂ ಸಾಬರೂ ಒಂದಿನ ಹೊಸಬರೇ ಇದ್ರಲ್ಲ" ಎಂದರೊಬ್ಬರು. ನಿಜ. 1978ರಲ್ಲಿ ಮೊದಲ ಸಲ ಶಾಸಕರಾದಾಗ ಅವರಿಗೆ ಮೂವತ್ತು. 2017ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಈ ಊರಿನ ರಾಜಕಾರಣದ ಆಲದಮರ. ಮರುವರ್ಷ ಪತ್ನಿ ಕನೀಜ್ ಫಾತಿಮಾ ಗೆದ್ದರು. ಇನ್ನೊಬ್ಬರು ಕಾಂಗ್ರೆಸ್ಸಿನ ಖರ್ಗೆಯವರನ್ನು ಎಳೆದು ತಂದರು: "ಸೋಲಿಲ್ಲದ ಸರದಾರ ಅಂತಿದ್ವಿ, 2019ರಾಗ 95,452 ಓಟಿನಿಂದ ಸೋಲಲಿಲ್ಲೇನು?"

ಸೋತರು. ಆದರೆ ಸೋಲಿಸಿದ ಉಮೇಶ್ ಜಾಧವ್ ಅದೇ ಪಕ್ಷದಲ್ಲಿ ಶಾಸಕರಾಗಿದ್ದು, ಬಿಜೆಪಿಗೆ ಹೋಗಿ ನಿಂತವರು. ಹೊಲಿಗೆ ಯಂತ್ರದಿಂದ ಎದ್ದು ಬಂದವಳ ಬೆನ್ನಿಗೆ ಅಂಥ ಯಾವ ಗೋಡೆಯೂ ಇಲ್ಲ.

ಆಗಸ್ಟ್ 29, ರವಿವಾರ

ಅವ್ವನ ತವರು ಕಮಲಾಪುರಕ್ಕೆ ಹೋಗಿದ್ದೆ. ಸೋದರಮಾವ ಕೆಂಪು ಬಾಳೆಯ ಒಂದು ಚಿಪ್ಪು ಕೈಗಿಟ್ಟ. ಹುಡುಗಿಯ ಸುದ್ದಿ ಹೇಳಿದೆ. ಮಾವ ಮಾರುತಿ ಮಾನ್ಪಡೆಯವರ ಮಾತು ತೆಗೆದ. ರೈತರ, ಕೂಲಿಕಾರರ ನಡುವೆಯೇ ಬದುಕಿದ ಮನುಷ್ಯ. 2018ರಲ್ಲಿ ಇದೇ ಕಲಬುರಗಿ ಗ್ರಾಮೀಣ ಕ್ಷೇತ್ರದಲ್ಲಿ ಸಿಪಿಎಂನಿಂದ ನಿಂತು ಸೋತರು. ಹೋದ ಅಕ್ಟೋಬರ್‌ನಲ್ಲಿ ಕೋವಿಡ್ ಅವರನ್ನು ಒಯ್ದಿತು.

"ಓಟು ಹಾಕಿದವರು ಕಮ್ಮಿನೇ ಬಿಡು" ಎಂದ ಮಾವ. "ಆದ್ರ ತೊಗರಿ ಧಾರಣಿ ಬಿದ್ದಾಗ ಓಟು ಹಾಕಲಾರದವರೂ ಅವರನ್ನೇ ಹುಡುಕ್ಕೊಂಡು ಹೋಗ್ತಿದ್ರು."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಈ ಮಾತೇ ತಲೆಯಲ್ಲಿ. ಓಟು ಒಬ್ಬರಿಗೆ, ಅಳಲು ಇನ್ನೊಬ್ಬರಿಗೆ. ಇದೆಂಥ ನ್ಯಾಯ?

ಸೆಪ್ಟೆಂಬರ್ 1, ಬುಧವಾರ

ಗಣಪತಿ ಪಟ್ಟಿಯ ರಸೀದಿ ಪುಸ್ತಕ ಹೊಲಿಯುತ್ತಿದ್ದೆ. ಮೆಂಬರ್ ಸಾಬರು ಒಬ್ಬರೇ ಬಂದರು. ಮೇಜಿನ ಮೇಲೆ ಉಳಿದಿದ್ದ ಆಕೆಯ ಕರಪತ್ರ ಎತ್ತಿಕೊಂಡು ಎರಡೂ ಬದಿ ಓದಿದರು; ಕೆಳಗಿನ ಸಾಲನ್ನೂ.

"ಅಕ್ಷರ ಛಲೋ ಬಂದಾವ" ಎಂದರು. ಬಾಗಿಲ ತನಕ ಹೋಗಿ ತಿರುಗಿ, "ಮನ್ಯಾಗ ಅಕ್ಕಾವ್ರ ತಬಿಯತ್ ಹ್ಯಾಂಗದ ಈಗ?" ಎಂದು ಕೇಳಿದರು.

ಅದು ಬೆದರಿಕೆಯಲ್ಲ. ಮೇ ತಿಂಗಳಿನಿಂದ ಸಿಕ್ಕಾಗಲೆಲ್ಲ ಕೇಳುತ್ತಾರೆ, ಮನಸಾರೆ ಕೇಳುತ್ತಾರೆ. ಬೆದರಿಕೆಯಾಗಿದ್ದರೆ ಸುಲಭವಿತ್ತು, ಸಿಟ್ಟು ಮಾಡಿಕೊಳ್ಳಬಹುದಿತ್ತು. ಈ ಓಣಿಯಲ್ಲಿ ಅವರಿಗೆ ಋಣಿಯಾಗಿರದ ಮನೆ ಯಾವುದಿದೆ? ಒಬ್ಬರಿಗೆ ಪಿಂಚಣಿ, ಒಬ್ಬರಿಗೆ ಶಾಲೆ ಸೀಟು, ನನಗೆ ಆಮ್ಲಜನಕ. ಹಕ್ಕಿನಿಂದ ಬರಬೇಕಾದದ್ದೆಲ್ಲ ಒಬ್ಬರ ಒಳ್ಳೆಯತನದಿಂದ ಬಂದರೆ, ಓಟು ಎಂಬುದು ಸಾಲದ ಕಂತು. ಹುಡುಗಿ ಎದುರಿಸುತ್ತಿರುವುದು ಆ ಮನುಷ್ಯನನ್ನಲ್ಲ, ಈ ಲೆಕ್ಕದ ಪುಸ್ತಕವನ್ನು.

ಸೆಪ್ಟೆಂಬರ್ 3, ಶುಕ್ರವಾರ

ಬೆಳಿಗ್ಗೆಯೇ ಇಬ್ಬರೂ ಹೋಗಿ ಬಂದೆವು. ದಾರಿಯಲ್ಲಿ ನಮ್ಮಾಕೆ ಒಂದೇ ಮಾತು ಹೇಳಿದಳು: "ಜೀವ ಉಳಿಸಿದವರು ಅವರು. ನಾ ಏನ್ ಮಾಡ್ತೀನಿ ಕೇಳಬ್ಯಾಡ್ರಿ." ಕೇಳಲಿಲ್ಲ. ನಾನು ಸಿಲಿಂಡರ್ ಒತ್ತಿದೆ. ಬೀಪ್ ಸದ್ದಿಗೆ ಎದೆ ಝಲ್ಲೆಂದಿತು, ಕದ್ದು ಸಿಕ್ಕಿಬಿದ್ದವನ ಹಾಗೆ.

ಜುಮ್ಮಾ ನಮಾಜ್ ಮುಗಿದ ಮೇಲೆ ಬೂತಿನಲ್ಲಿ ಸ್ವಲ್ಪ ಸಾಲು ಕಂಡಿತು. ಆಕೆಯ ಏಜೆಂಟರಾಗಿ ಕೂತವರು ಅವಳ ಹತ್ತಿರ ಹೊಲಿಗೆ ಕಲಿತ ಇಬ್ಬರು ಹುಡುಗಿಯರು, ಮನೆಯಿಂದ ಡಬ್ಬಿ ಕಟ್ಟಿಕೊಂಡು.

ಸೆಪ್ಟೆಂಬರ್ 6, ಸೋಮವಾರ

ಎಣಿಕೆ ಮುಗಿಯಿತು. 55 ವಾರ್ಡುಗಳಲ್ಲಿ ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ 1. ಯಾರಿಗೂ ಬಹುಮತವಿಲ್ಲ. ಆ ಒಬ್ಬ ಪಕ್ಷೇತರ ಗೆದ್ದಿದ್ದು ನಮ್ಮ ವಾರ್ಡಿನಲ್ಲಲ್ಲ. ನಮ್ಮ ಹುಡುಗಿ ಮೂರನೆಯವಳು. ಮೆಂಬರ್ ಸಾಬರು ಗೆದ್ದರು, ಓಣಿಯಲ್ಲಿ ಪಟಾಕಿ. ಆಕೆಯ ಮನೆಯಿಂದ ಮಾತ್ರ ಹೊಲಿಗೆ ಯಂತ್ರದ ಸದ್ದು. ಹಬ್ಬದ ಬ್ಲೌಸುಗಳು ಬಾಕಿ ಇದ್ದವಂತೆ.

ಸೆಪ್ಟೆಂಬರ್ 8, ಬುಧವಾರ

ನಿನ್ನೆ ಆಕೆ ಬಂದು ಕರಪತ್ರದ ಬಾಕಿಯಲ್ಲಿ ಅರ್ಧ ಕೊಟ್ಟಳು. ಉಳಿದದ್ದು ಬಿಡು ಎಂದೆ. "ಬ್ಯಾಡ ಕಾಕಾ, ಅದೂ ಒಂದು ಋಣ ಆಗ್ತದ" ಎಂದು ನಕ್ಕು, ರಸೀದಿ ಬರೆಸಿಕೊಂಡೇ ಹೋದಳು.

ರಾತ್ರಿ ಎರಡೂವರೆಗೆ ನಳ ಬಂದಿತ್ತು. ನಾನು ಏಳುವಷ್ಟರಲ್ಲಿ ನಮ್ಮಾಕೆ ಕೊಡಗಳನ್ನೆಲ್ಲ ತುಂಬಿಸಿ ಮತ್ತೆ ಮಲಗಿದ್ದಳು. ಉಳಿದುಹೋದ ಕರಪತ್ರವೊಂದು ಚಹಾದ ಬಟ್ಟಲಿನ ಕೆಳಗಿತ್ತು. ಅಂಚಿನ ಖಾಲಿ ಜಾಗದಲ್ಲಿ ಅವಳ ಕೈಬರಹ: ಬುಧವಾರ, 2.30ರಿಂದ 3.40, ಹದಿನಾಲ್ಕು ಕೊಡ.

ಅಂಗಡಿಗೆ ಹೊರಟಾಗ ಒಳಗಿನಿಂದ ಕೂಗಿ ಹೇಳಿದಳು: "ಆ ಚೀಟಿ ಹುಡುಗಿಗಿ ಮುಟ್ಟಸ್ರಿ, ಮರೀಬ್ಯಾಡ್ರಿ."